ಇಂಟರಾಕ್ಷನ್ ಡಿಸೈನ್‌ನಲ್ಲಿ ಸಂಶೋಧನೆ: ಎಂ.ಎಸ್., ಎಂ.ಡೆಸ್., ಪಿಎಚ್.ಡಿ., ವಿದೇಶ – ಯಾವುದು ಯಾರಿಗೆ?

ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದವರಲ್ಲಿ ಒಂದು ಸಣ್ಣ ಗುಂಪಿಗೆ ಕೋಡ್‌ಗಿಂತ ಅದನ್ನು ಬಳಸುವವರ ಮೇಲೆ ಕಣ್ಣು ಜಾಸ್ತಿ. ಯುಪಿಐ ಆ್ಯಪಿನಲ್ಲಿ ಅಮ್ಮ ಪ್ರತಿಸಲವೂ ಅದೇ ಜಾಗದಲ್ಲಿ ಯಾಕೆ ನಿಂತುಬಿಡುತ್ತಾರೆ? ಕೈಯಲ್ಲಿ ಟಿಕೆಟ್ ಮೆಶಿನ್ ಇದ್ದರೂ ಕಂಡಕ್ಟರ್ ಯಾಕೆ ಬಾಕಿ ಚಿಲ್ಲರೆಯನ್ನು ಟಿಕೆಟ್ ಹಿಂದೆ ಪೆನ್ನಿನಲ್ಲೇ ಬರೆದುಕೊಡುತ್ತಾರೆ? ಇಂಥ ಪ್ರಶ್ನೆಗಳು ಅವರನ್ನು ಕಾಡುತ್ತವೆ. ಮುಂದೆ ಓದಬೇಕು ಎಂದಾಗ ಇವರಿಗೆ ಸಿಗುವ ಸಲಹೆ ಒಂದೇ: "ಗೇಟ್ ಬರಿ." ಸರಿ, ಆ ಪ್ರವೇಶ ಪರೀಕ್ಷೆ ಬರೆಯೋಣ. ಆದರೆ ಬರೆದು ಎಲ್ಲಿಗೆ ಹೋಗುವುದು?

ಈ ಕ್ಷೇತ್ರವನ್ನು ಕಂಪ್ಯೂಟರ್ ಸೈನ್ಸಿನವರು ಎಚ್‌ಸಿಐ, ಅಂದರೆ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಎನ್ನುತ್ತಾರೆ. ಡಿಸೈನ್ ಶಾಲೆಗಳಲ್ಲಿ ಅದು ಇಂಟರಾಕ್ಷನ್ ಡಿಸೈನ್. ಒಳಗೆ ಹೋಗಲು ನಾಲ್ಕೈದು ದಾರಿಗಳಿವೆ. ಡಿಗ್ರಿಯ ಹೆಸರು, ಫೀಸು, ರ‍್ಯಾಂಕಿಂಗ್ ನೋಡಿ ಆರಿಸುವುದು ರೂಢಿ. ನಾನಾದರೆ ಮೊದಲು ಇನ್ನೊಂದನ್ನು ನೋಡುತ್ತೇನೆ: ಆ ಜಾಗದಲ್ಲಿ ಯಾವುದನ್ನು ಉತ್ತರ ಎಂದು ಒಪ್ಪುತ್ತಾರೆ? ಇದು ತಿಳಿಯದೆ ಸೇರಿದರೆ ಎರಡನೇ ವರ್ಷದಲ್ಲಿ ಗೈಡ್ ಒಂದು ದಿಕ್ಕು, ವಿದ್ಯಾರ್ಥಿ ಇನ್ನೊಂದು ದಿಕ್ಕು.

ಒಂದೇ ಪ್ರಶ್ನೆ, ಮೂರು ಲ್ಯಾಬ್

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿದವರಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಗೊತ್ತು. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀ ಹೊಡೆಯಬೇಕು. ಡಿಟಿಪಿ ಅಂಗಡಿಯವರು ಅದನ್ನು ನೋಡದೆಯೇ ಹೊಡೆಯುತ್ತಾರೆ. ಫೋನಿನ ಪುಟ್ಟ ಪರದೆಯ ಮೇಲೆ ಅದು ನಡೆಯಲ್ಲ. ಹಾಗಾಗಿ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲೇ "ಹೇಗಿದ್ದೀರಾ" ಎಂದು ಹೊಡೆದು ಕಳಿಸುತ್ತಾರೆ. ಇಲ್ಲವೇ ವಾಯ್ಸ್ ಮೆಸೇಜ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಕಂಪ್ಯೂಟರ್ ಸೈನ್ಸ್ ಲ್ಯಾಬಿಗೆ ಇದು ಊಹೆಯ ಸಮಸ್ಯೆ. ಇಂಗ್ಲಿಷ್ ಅಕ್ಷರಗಳ ಸಾಲು ಬಂದಿದೆ, ಅದು ಯಾವ ಕನ್ನಡ ಪದ? ಮಾಡೆಲ್ ಎಷ್ಟು ಚಿಕ್ಕದಿರಬೇಕು, ಅಗ್ಗದ ಫೋನಿನಲ್ಲಿ ನೆಟ್ ಇಲ್ಲದೆ ಓಡುತ್ತದೆಯೇ, ಹಿಂದಿನ ವಿಧಾನಕ್ಕಿಂತ ತಪ್ಪು ಎಷ್ಟು ಕಡಿಮೆ ಆಯಿತು? ಅಂಕಿ ಸುಧಾರಿಸಿದರೆ ಥೀಸಿಸ್ ಆಯಿತು. ಟೈಪ್ ಮಾಡುವ ಒಬ್ಬ ಮನುಷ್ಯನೂ ಆ ಥೀಸಿಸಿನಲ್ಲಿ ಬರದೇ ಇರಬಹುದು.

ಡಿಸೈನ್ ಶಾಲೆ ಇದನ್ನೇ ವಸ್ತುವಾಗಿ ನೋಡುತ್ತದೆ. ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿಯಲ್ಲಿ ಹುಟ್ಟಿದ ಸ್ವರಚಕ್ರ ಕೀಬೋರ್ಡ್ ಒಳ್ಳೆಯ ಉದಾಹರಣೆ. 2013ರ ಹೊತ್ತಿಗೆ ಅದು ಆಂಡ್ರಾಯ್ಡ್ ಫೋನಿಗೆ ಬಂತು. ಕನ್ನಡದಲ್ಲೂ ಇದೆ. 'ಕ' ಮೇಲೆ ಬೆರಳಿಟ್ಟರೆ ಅದರ ಸುತ್ತ ಒಂದು ಚಕ್ರ ಅರಳುತ್ತದೆ. ಕಾ, ಕಿ, ಕು, ಕೆ ಎಲ್ಲ ಅದರ ಅರೆಗಳಲ್ಲಿ ಕೂತಿರುತ್ತವೆ. ಬೇಕಾದ ಕಡೆ ಬೆರಳು ಜಾರಿಸಿ ಎತ್ತಿದರೆ ಅಕ್ಷರ ಬಿತ್ತು. ಕಾಗುಣಿತ ಬಾಯಿಪಾಠ ಮಾಡಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಇಲ್ಲಿ ಉತ್ತರ ಎಂದರೆ ಆ ಚಕ್ರ, ಮತ್ತು ಅದು ಹಾಗೇ ಯಾಕಿರಬೇಕು ಎಂಬ ವಾದ.

ಮೂರನೆಯ ಬಗೆಯ ಲ್ಯಾಬ್ ಜನರಿಂದ ಶುರು ಮಾಡುತ್ತದೆ. ಯಾರು ಟೈಪ್ ಮಾಡುತ್ತಾರೆ, ಯಾರು ಮಾಡಲ್ಲ? ವಾರಗಟ್ಟಲೆ ಬಳಸಿದ ಮೇಲೆ ವೇಗ ಎಷ್ಟು ಏರುತ್ತದೆ? ಕನ್ನಡ ಚೆನ್ನಾಗಿ ಓದುವ, ಇಂಗ್ಲಿಷ್ ಅಕ್ಷರ ಬಾರದ ಅಜ್ಜಿ ಏನು ಮಾಡುತ್ತಾರೆ? ಇಲ್ಲಿ ಉತ್ತರ ಎಂದರೆ ಪುರಾವೆ ಇರುವ ವಿವರಣೆ. ಒಂದೇ ಗುಂಪು ಎರಡೂ ಮಾಡುವುದುಂಟು. ಸ್ವರಚಕ್ರದವರೇ ಬಳಕೆದಾರರ ಮೇಲೆ ಪರೀಕ್ಷೆ ನಡೆಸಿ ಪೇಪರ್ ಬರೆದಿದ್ದಾರೆ. ಆದರೂ ಪ್ರತಿ ಜಾಗಕ್ಕೂ ಒಂದು ಒಲವು ಇದ್ದೇ ಇರುತ್ತದೆ.

ಈ ಮೂರನೆಯ ಬಗೆಯ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಎಚ್‌ಸಿಐ ಕ್ಷೇತ್ರದ ದೊಡ್ಡ ಸಮ್ಮೇಳನ ಸಿಎಚ್‌ಐನಲ್ಲಿ 2012ರಲ್ಲಿ ಬಂದ ಒಂದು ಪೇಪರ್‌ಗಾಗಿ ಇಲ್ಲಿ 450 ಜನರನ್ನು ಮಾತಾಡಿಸಿದ್ದರು, ಆಟೋ ಚಾಲಕರು ಮತ್ತು ಕಾಲೇಜು ವಿದ್ಯಾರ್ಥಿಗಳು. ಎರಡು ವಿಡಿಯೋ ತೋರಿಸುವುದು. ಒಂದು "ನಾನು ಮಾಡಿದ್ದು" ಎಂದು ಹೇಳುವುದು. ಯಾವುದು ಚೆನ್ನಾಗಿದೆ ಎಂದು ಕೇಳುವುದು. ಎರಡೂ ಒಂದೇ ಆಗಿದ್ದಾಗಲೂ ಜನ ಕೇಳಿದವರದ್ದನ್ನೇ ಎರಡೂವರೆ ಪಟ್ಟು ಹೆಚ್ಚು ಇಷ್ಟಪಟ್ಟರು. ಕೇಳಿದವರು ದುಭಾಷಿ ಇಟ್ಟುಕೊಂಡ ವಿದೇಶಿಯಾಗಿದ್ದರೆ ಅದು ಐದು ಪಟ್ಟು. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಎಂಬುದು ನಮ್ಮವರ ಸ್ವಭಾವ, ಅಲ್ವಾ? "ಚೆನ್ನಾಗಿದೆ ಮೇಡಂ" ಎಂಬ ಉತ್ತರವನ್ನು ಹಾಗೇ ಡೇಟಾ ಎಂದು ಬರೆದುಕೊಂಡರೆ ಕೆಟ್ಟಿತು. ಇದನ್ನು ಕಲಿಸುವ ಗೈಡ್ ಬೇಕೋ, ಮಾಡೆಲ್ ಕಲಿಸುವವರು ಬೇಕೋ, ಚಕ್ರ ಬಿಡಿಸಲು ಕಲಿಸುವವರು ಬೇಕೋ? ಇದಿಷ್ಟು ಮನಸ್ಸಿನಲ್ಲಿಟ್ಟುಕೊಂಡು ದಾರಿಗಳನ್ನು ನೋಡೋಣ.

ಸಂಶೋಧನೆಯ ಮಾಸ್ಟರ್ಸ್

ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದು ಎಂ.ಟೆಕ್. (ರಿಸರ್ಚ್). ಐಐಟಿ ಮದ್ರಾಸ್, ಐಐಐಟಿ ಹೈದರಾಬಾದ್, ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರು ಇಲ್ಲೆಲ್ಲ ಎಂ.ಎಸ್. ಬೈ ರಿಸರ್ಚ್. ಮಾಮೂಲಿ ಎಂ.ಟೆಕ್.ಗೂ ಇದಕ್ಕೂ ಇರುವ ವ್ಯತ್ಯಾಸ ಬಹಳ ಜನಕ್ಕೆ ಸೇರುವವರೆಗೂ ಗೊತ್ತಿರುವುದಿಲ್ಲ. ಮಾಮೂಲಿ ಎಂ.ಟೆಕ್.ನಲ್ಲಿ ಕೋರ್ಸುಗಳೇ ಜಾಸ್ತಿ, ಕೊನೆಗೊಂದು ಪ್ರಾಜೆಕ್ಟ್, ಎರಡು ವರ್ಷಕ್ಕೆ ಮುಗಿತು. ರಿಸರ್ಚ್ ಡಿಗ್ರಿಯಲ್ಲಿ ಕೋರ್ಸು ಕಡಿಮೆ, ಥೀಸಿಸ್ಸೇ ಮುಖ್ಯ. ಎರಡು ವರ್ಷ ಅಂತ ಹೊರಟವರು ಮೂರು ವರ್ಷ ಕೂರುವುದು ಸಾಮಾನ್ಯ.

ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಬೆಂಗಳೂರಿನಲ್ಲಿ ಹಾಸ್ಟೆಲ್ ಸಿಕ್ಕರೆ ಹೇಗೋ ನಡೆಯುತ್ತದೆ. ಪಿ.ಜಿ. ಹಿಡಿದರೆ ಮನೆಯಿಂದ ದುಡ್ಡು ತರಿಸಬೇಕು. ಐಐಐಟಿ ಹೈದರಾಬಾದ್‌ಗೆ ಅವರದೇ ಪಿಜಿಇಇ ಪರೀಕ್ಷೆ ಇದೆ.

ಈ ದಾರಿಯ ದೊಡ್ಡ ಲಾಭ ಎಂದರೆ ಪಿಎಚ್.ಡಿ. ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಇಲ್ಲೇ ಗೊತ್ತಾಗುತ್ತದೆ. ಒಗ್ಗಿದರೆ ಕೆಲವು ಕಡೆ ಅಲ್ಲೇ ಪಿಎಚ್.ಡಿ.ಗೆ ಬದಲಾಗಬಹುದು. ಒಗ್ಗದಿದ್ದರೆ ಕೈಯಲ್ಲಿ ಮಾಸ್ಟರ್ಸ್ ಇರುತ್ತದೆ, ಯಾರಿಗೂ ಮುಖ ಮರೆಸಬೇಕಾಗಿಲ್ಲ. ಯುರೋಪಿಗೆ ಹೋಗಬೇಕೆನ್ನುವವರಿಗಂತೂ ಈ ಡಿಗ್ರಿ ತುಂಬಾ ಉಪಯೋಗ. ಯಾಕೆ ಎಂದು ಮುಂದೆ ಬರುತ್ತದೆ.

ತೊಡಕು ಏನೆಂದರೆ ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಎಚ್‌ಸಿಐ ಮಾಡುವ ಅಧ್ಯಾಪಕರು ಕಡಿಮೆ. ಇಂಟರ್‌ವ್ಯೂನಲ್ಲಿ ಕೇಳುವುದು ಅಲ್ಗಾರಿದಮ್, ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ. ಬೋರ್ಡ್ ಮುಂದೆ ನಿಂತು ಲೆಕ್ಕ ಮಾಡಬೇಕು. ಒಳಗೆ ಹೋದ ಮೇಲೆ ಇಷ್ಟದ ಗೈಡ್ ಸಿಗದಿದ್ದರೆ ನಿಮ್ಮ ಆಸಕ್ತಿ ಪಕ್ಕಕ್ಕೆ ಕೂರುತ್ತದೆ. ಆದ್ದರಿಂದ ಇಡೀ ಸಂಸ್ಥೆಯ ಹೆಸರು ಬಿಟ್ಟು, ಆ ವಿಭಾಗದಲ್ಲಿ ಈ ಕೆಲಸ ಮಾಡುವ ಒಬ್ಬಿಬ್ಬರ ಹೆಸರು ಹುಡುಕಿ. ಸಿಗದಿದ್ದರೆ ಆ ಜಾಗ ಎಷ್ಟೇ ದೊಡ್ಡದಿರಲಿ, ನಿಮಗಲ್ಲ.

ಎಂ.ಡೆಸ್.

ಅಂದರೆ ಮಾಸ್ಟರ್ ಆಫ್ ಡಿಸೈನ್. ಇದು ಸಂಶೋಧನಾ ಡಿಗ್ರಿ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗೊಂದಲ ಇಲ್ಲೇ ಜಾಸ್ತಿ. ಇಲ್ಲಿ ಸ್ಟುಡಿಯೋ, ಪ್ರಾಜೆಕ್ಟ್, ಪೋರ್ಟ್‌ಫೋಲಿಯೋ. ಐಡಿಸಿ 1969ರಷ್ಟು ಹಳೆಯ ಶಾಲೆ, ಅಲ್ಲಿ ಇಂಟರಾಕ್ಷನ್ ಡಿಸೈನ್‌ಗೇ ಬೇರೆ ಎಂ.ಡೆಸ್. ಇದೆ. ಐಐಟಿ ಗುವಾಹಟಿಯಲ್ಲಿ, ನಮ್ಮ ಐಐಎಸ್‌ಸಿಯಲ್ಲೂ ಎಂ.ಡೆಸ್. ಇದೆ. ಇವಕ್ಕೆ ಸೀಡ್ ಎಂಬ ಪ್ರವೇಶ ಪರೀಕ್ಷೆ. ಎನ್‌ಐಡಿ, ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಇಂಟರಾಕ್ಷನ್ ಡಿಸೈನ್ ಜೊತೆಗೆ ಡಿಜಿಟಲ್ ಗೇಮ್ ಡಿಸೈನ್ ಕೂಡ ಇದೆ, ಅದಕ್ಕೆ ಅವರದೇ ಡ್ಯಾಟ್ ಪರೀಕ್ಷೆ. ಎನ್‌ಐಡಿಯ ಕೋರ್ಸು ಎರಡೂವರೆ ವರ್ಷ, ಫೀಸೂ ಸ್ವಲ್ಪ ಭಾರ.

ಸೀಡ್‌ನ ಮೊದಲ ಭಾಗ ಕಂಪ್ಯೂಟರಿನಲ್ಲಿ. ಎರಡನೆಯ ಭಾಗದಲ್ಲಿ ಪೆನ್ಸಿಲ್ ಹಿಡಿದು ಬಿಡಿಸಬೇಕು. "ನನಗೆ ಚಿತ್ರ ಬರಲ್ಲ" ಎಂದು ಎಂಜಿನಿಯರುಗಳು ಇಲ್ಲೇ ಹಿಂದೆ ಸರಿಯುತ್ತಾರೆ. ಕಲಾವಿದರಾಗಬೇಕಿಲ್ಲ. ಒಬ್ಬ ಮನುಷ್ಯ ಒಂದು ವಸ್ತುವನ್ನು ಹೇಗೆ ಹಿಡಿಯುತ್ತಾನೆ, ಎಲ್ಲಿಂದ ನೋಡುತ್ತಾನೆ ಎಂಬುದು ಗೆರೆಯಲ್ಲಿ ಅರ್ಥವಾದರೆ ಆಯಿತು. ದಿನಕ್ಕೆ ಒಂದು ಹಾಳೆಯಂತೆ ಕೆಲವು ತಿಂಗಳು ಬಿಡಿಸಿದರೆ ಕೈ ತಿರುಗುತ್ತದೆ.

ಕೋರ್ಸಿನ ಒಳಗಿನ ಜೀವನ ಎಂಜಿನಿಯರಿಂಗ್‌ಗಿಂತ ಪೂರ್ತಿ ಬೇರೆ. ನೀವು ಮಾಡಿದ್ದನ್ನು ಗೋಡೆಗೆ ಅಂಟಿಸಿ, ಎಲ್ಲರೂ ಸುತ್ತ ನಿಂತು ತಪ್ಪು ಹುಡುಕುತ್ತಾರೆ. "ಇದು ಯಾಕೆ ಇಲ್ಲಿದೆ?" ಎಂಬ ಪ್ರಶ್ನೆಗೆ "ಚೆನ್ನಾಗಿ ಕಾಣುತ್ತೆ" ಎಂದರೆ ಒಪ್ಪುವುದಿಲ್ಲ. ಕೋಡ್ ಬರುವ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲ ಇದೆ: ಉಳಿದವರು ಚಿತ್ರದಲ್ಲಿ ತೋರಿಸುವುದನ್ನು ಅವರು ಓಡಿಸಿ ತೋರಿಸಬಹುದು. ಒಂದು ಅಪಾಯವೂ ಇದೆ. ಕೋಡ್ ಬರುತ್ತದೆ ಎಂದು ಮೊದಲ ವಾರವೇ ಕೋಡ್ ಮಾಡಲು ಕೂತರೆ, ಮೊದಲು ಹೊಳೆದ ಐಡಿಯಾಗೇ ಅಂಟಿಕೊಂಡುಬಿಡುತ್ತಾರೆ.

ಇಲ್ಲಿಂದ ಬಹುಪಾಲು ಜನ ಕಂಪನಿಗೆ ಹೋಗುತ್ತಾರೆ. ಪಿಎಚ್.ಡಿ.ಗೂ ಹೋಗಬಹುದು. ಆಗ ಅಂಕಿಅಂಶ, ಪ್ರಯೋಗ ರೂಪಿಸುವುದು ಇವನ್ನು ನೀವೇ ಕಲಿಯಬೇಕಾಗುತ್ತದೆ.

ಇಲ್ಲೇ ನೇರ ಪಿಎಚ್.ಡಿ.

ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇಕಡಾ 75 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಇದ್ದರೆ ಮಾಸ್ಟರ್ಸ್ ಇಲ್ಲದೆ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಕಾಗದದ ಮೇಲೆ ಕನಿಷ್ಠ ಮೂರು ಎಂದಿದ್ದರೂ ನಾಲ್ಕೈದು ವರ್ಷ ಎಂದೇ ಲೆಕ್ಕ ಹಾಕಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ಇದು ಮಾಸ್ಟರ್ಸ್‌ಗಿಂತ ಎಷ್ಟೋ ವಾಸಿ. 2023ರ ಪರಿಷ್ಕರಣೆಯ ನಂತರ ಫೆಲೋಶಿಪ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್‌ನಲ್ಲಿ 70,000ದಿಂದ 80,000ದವರೆಗೆ ಇತ್ತು. ಅದು ಸಿಗುತ್ತಿದ್ದದ್ದು ಕೆಲವೇ ಜನಕ್ಕೆ, ಆಯ್ದ ಸಂಸ್ಥೆಗಳಲ್ಲಿ ಮಾತ್ರ.

ನೌಕರಿ ಬಿಡಲಾಗದವರಿಗೆ ಪಾರ್ಟ್‌ಟೈಮ್ ಇದೆ. ವಿಟಿಯು ಅಡಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ರಿಸರ್ಚ್ ಸೆಂಟರ್‌ಗಳಲ್ಲಿ ಬಹಳ ಅಧ್ಯಾಪಕರು ಹೀಗೇ ಮಾಡುತ್ತಾರೆ. ಐಐಎಸ್‌ಸಿಯಲ್ಲಿ ಕೆಲಸದಲ್ಲಿರುವವರಿಗೆ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಎಂಬ ದಾರಿ ಇದೆ. ಆದರೆ ಬಳಕೆದಾರರ ಜೊತೆ ಮಾಡುವ ಸಂಶೋಧನೆ ಭಾನುವಾರದ ಕೆಲಸ ಅಲ್ಲ. ಅಂಗನವಾಡಿ ಕಾರ್ಯಕರ್ತೆ ಸಿಗುವುದು ಅವರ ಬಿಡುವಿನಲ್ಲಿ, ನಿಮ್ಮ ಬಿಡುವಿನಲ್ಲಲ್ಲ. ಪಾರ್ಟ್‌ಟೈಮ್ ಆದರೆ ಮೊದಲ ಬಗೆಯ ಪ್ರಶ್ನೆ, ಅಂದರೆ ಮಾಡೆಲ್, ಸಿಸ್ಟಂ ಕಡೆಯ ಪ್ರಶ್ನೆ ಹಿಡಿಯುವುದು ಜಾಣತನ.

ಜನ ಮರೆಯುವ ದಾರಿ: ಸಂಶೋಧನಾ ಲ್ಯಾಬಿನಲ್ಲಿ ಒಂದೆರಡು ವರ್ಷ

ಯಾವುದಕ್ಕೂ ಮನಸ್ಸು ಗಟ್ಟಿ ಇಲ್ಲದವರಿಗೆ ನನ್ನ ಮೊದಲ ಸಲಹೆ ಇದೇ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ 2005ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಅಲ್ಲಿನ ಒಂದು ತಂಡ ನಮ್ಮಂಥ ದೇಶದ ಬಡ ಬಳಕೆದಾರರಿಗೆ ತಂತ್ರಜ್ಞಾನ ಹೇಗಿರಬೇಕು ಎಂಬ ಕೆಲಸವನ್ನೇ ಹಿಡಿದಿತ್ತು. ಒಂದು ಕಂಪ್ಯೂಟರ್, ಹತ್ತು ಮಕ್ಕಳು ಇರುವ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಮೌಸ್ ಕೊಟ್ಟು, ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳನ್ನು ಓಡಿಸಿದ ಪ್ರಯೋಗ ಅಲ್ಲಿಯದು. ಬೆಂಗಳೂರಿನ ಮನೆಗೆಲಸದ ಹೆಣ್ಣುಮಕ್ಕಳಿಗಾಗಿ, ಓದು ಬಾರದವರೂ ಕೆಲಸ ಹುಡುಕಬಹುದಾದ, ಅಕ್ಷರವೇ ಇಲ್ಲದ ಪರದೆಯನ್ನು ರೂಪಿಸಿದ್ದೂ ಅಲ್ಲೇ. ಆ ಲ್ಯಾಬನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ತೊಯಾಮಾ ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು.

ಇಂಥ ಲ್ಯಾಬುಗಳು ಬಿ.ಇ. ಅಥವಾ ಮಾಸ್ಟರ್ಸ್ ಆದವರನ್ನು ಒಂದೆರಡು ವರ್ಷಕ್ಕೆ ರಿಸರ್ಚ್ ಫೆಲೋ ಎಂದು ತೆಗೆದುಕೊಳ್ಳುತ್ತವೆ. ಗೂಗಲ್‌ನ ಬೆಂಗಳೂರು ರಿಸರ್ಚ್ ಲ್ಯಾಬಿನಲ್ಲೂ ಪ್ರಿಡಾಕ್ಟೋರಲ್, ಅಂದರೆ ಪಿಎಚ್.ಡಿ.ಗೆ ಮುಂಚಿನ ಹುದ್ದೆಗಳಿವೆ. ಡಿಗ್ರಿ ಸಿಗುವುದಿಲ್ಲ. ಸಂಬಳ ಸಿಗುತ್ತದೆ, ಪೇಪರ್ ಬರೆಯುವುದು ಹೇಗೆ ಎಂದು ಕಣ್ಣಾರೆ ನೋಡಲು ಸಿಗುತ್ತದೆ, ಮುಂದೆ ಅರ್ಜಿಗೆ ಬೇಕಾದ ಶಿಫಾರಸು ಪತ್ರ ಸಿಗುತ್ತದೆ. ಸ್ಪರ್ಧೆ ಮಾತ್ರ ಜೋರು. ಇಲ್ಲಿ ಆಗದಿದ್ದರೆ ಯಾವುದಾದರೂ ಅಧ್ಯಾಪಕರ ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಸೇರಿ. ಸಂಬಳ ಕಡಿಮೆ, ಕಲಿಕೆ ಹೆಚ್ಚುಕಡಿಮೆ ಅದೇ.

ವಿದೇಶ: ಮೂರು ಥರ

ಅಮೆರಿಕದಲ್ಲಿ ಬಿ.ಇ. ಆದ ಮೇಲೆ ನೇರ ಪಿಎಚ್.ಡಿ.ಗೆ ಸೇರಬಹುದು. ಐದಾರು ವರ್ಷ. ಸಾಮಾನ್ಯವಾಗಿ ಫೀಸು ಮಾಫಿ, ಮೇಲೆ ಸ್ಟೈಪೆಂಡ್, ಬದಲಿಗೆ ಪಾಠ ಅಥವಾ ಪ್ರಾಜೆಕ್ಟ್ ಕೆಲಸ. ಕಾರ್ನೆಗಿ ಮೆಲನ್, ಜಾರ್ಜಿಯಾ ಟೆಕ್, ವಾಷಿಂಗ್ಟನ್, ಮಿಷಿಗನ್ ಇವೆಲ್ಲ ಈ ಕ್ಷೇತ್ರದ ದೊಡ್ಡ ಜಾಗಗಳು. ಎಚ್ಚರ ಬೇಕಾದ್ದು ಮಾಸ್ಟರ್ಸ್ ವಿಷಯದಲ್ಲಿ. ಕಾರ್ನೆಗಿ ಮೆಲನ್‌ನ ಎಂಎಚ್‌ಸಿಐನಂಥ ಕೋರ್ಸುಗಳು ಕೆಲಸಕ್ಕೆ ತಯಾರು ಮಾಡುವ ಕೋರ್ಸುಗಳು, ಒಂದು ವರ್ಷದ್ದು, ಫೀಸು ಕಣ್ಣು ಕತ್ತಲೆ ಬರುವಷ್ಟು. ಡಿಸೈನರ್ ಕೆಲಸ ಬೇಕಾದರೆ ಸರಿ. ಪಿಎಚ್.ಡಿ.ಗೆ ಮೆಟ್ಟಿಲು ಎಂದುಕೊಂಡು ಊರಿನ ಜಮೀನು ಅಡ ಇಟ್ಟು ಹೋಗಬೇಡಿ.

ಯುರೋಪಿನ ಲೆಕ್ಕವೇ ಬೇರೆ. ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್, ಜರ್ಮನಿಯಲ್ಲಿ ಪಿಎಚ್.ಡಿ. ಬಹುಪಾಲು ಒಂದು ನೌಕರಿ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಸಂಬಳ, ರಜೆ, ಪಿಂಚಣಿ ಎಲ್ಲ ಇದೆ. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ವರ್ಷ, ಡೆನ್ಮಾರ್ಕ್‌ನಲ್ಲಿ ಮೂರು. ಆದರೆ ವಿಷಯವನ್ನು ಪ್ರಾಜೆಕ್ಟಿನವರು ಮೊದಲೇ ಗೊತ್ತು ಮಾಡಿರುತ್ತಾರೆ, ಮತ್ತು ಮಾಸ್ಟರ್ಸ್ ಬೇಕೇ ಬೇಕು ಎನ್ನುವ ಕಡೆಗಳೇ ಜಾಸ್ತಿ. ನಮ್ಮ ಎಂ.ಎಸ್. ಬೈ ರಿಸರ್ಚ್ ಇಲ್ಲಿ ಕೈ ಹಿಡಿಯುತ್ತದೆ. ಮಾಸ್ಟರ್ಸನ್ನೇ ಅಲ್ಲಿ ಮಾಡುವುದಾದರೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಫೀಸಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ. ವೈಮಾರ್‌ನ ಬೌಹೌಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲೇ ಎಚ್‌ಸಿಐ ಮಾಸ್ಟರ್ಸ್ ಇದೆ.

ಬ್ರಿಟನ್ನಿನಲ್ಲಿ ಪಿಎಚ್.ಡಿ. ಮೂರರಿಂದ ನಾಲ್ಕು ವರ್ಷ. ಸೀಟು ಸಿಗುವುದು ಬೇರೆ, ಹಣ ಸಿಗುವುದು ಬೇರೆ. ಅಲ್ಲಿನ ಸರ್ಕಾರದ ಯುಕೆಆರ್‌ಐ ಸ್ಟೈಪೆಂಡ್ 2025–26ಕ್ಕೆ ವರ್ಷಕ್ಕೆ 20,780 ಪೌಂಡ್, ಆದರೆ ಹೊರದೇಶದವರಿಗೆ ಅದರಲ್ಲಿ ಮಿತಿ ಇದೆ. ಹಣ ಇಲ್ಲದ ಆಫರ್ ಲೆಟರ್ ಬಂದರೆ ಖುಷಿಪಡಿ, ಸೇರಬೇಡಿ.

ಗೈಡ್‌ನ ವಿಷಯ

ಯಾವ ದಾರಿಯಾದರೂ ಕೊನೆಗೆ ನಿಮ್ಮ ಐದು ವರ್ಷ ಒಬ್ಬರ ಕೈಯಲ್ಲಿ. ಅವರು ಕಳೆದ ಮೂರು ವರ್ಷದಲ್ಲಿ ಏನು ಬರೆದಿದ್ದಾರೆ ಎಂದು ಡಿಬಿಎಲ್‌ಪಿ ಎಂಬ ಪೇಪರ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ನೋಡಿ. ಸಿಎಚ್‌ಐ, ಸಿಎಸ್‌ಸಿಡಬ್ಲ್ಯೂ, ಯುಐಎಸ್‌ಟಿ, ನಮ್ಮಲ್ಲೇ ನಡೆಯುವ ಇಂಡಿಯಾ ಎಚ್‌ಸಿಐ ಈ ಸಮ್ಮೇಳನಗಳಲ್ಲಿ ಹೆಸರು ಬಂದಿದೆಯೇ? ಪೇಪರಿನಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೋ, ಗೈಡ್‌ದೋ? ವಿದ್ಯಾರ್ಥಿಯದೇ ಇದ್ದರೆ ಒಳ್ಳೆಯ ಲಕ್ಷಣ.

ಆಮೇಲೆ ಅವರ ಈಗಿನ ವಿದ್ಯಾರ್ಥಿಗಳಿಗೆ ಬರೆಯಿರಿ. ಗೈಡ್ ಹೇಗೆ ಎಂದು ಕೇಳಿದರೆ ಎಲ್ಲರೂ "ಒಳ್ಳೆಯವರು" ಅಂತಲೇ ಹೇಳುತ್ತಾರೆ. ಆಟೋ ಚಾಲಕರ ಕಥೆ ಮೇಲೆ ಬಂತಲ್ಲ, ಅದೇ. ಬದಲಿಗೆ ಸಣ್ಣ, ನೇರ ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಸಲ ಭೇಟಿ? ಡ್ರಾಫ್ಟ್ ಕಳಿಸಿದರೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಫೀಲ್ಡಿಗೆ ಹೋಗುವ ಬಸ್ ಖರ್ಚು, ಭಾಗವಹಿಸಿದವರಿಗೆ ಕೊಡುವ ಹಣ ಯಾರ ಜೇಬಿನಿಂದ? ಎಥಿಕ್ಸ್ ಕಮಿಟಿ ಇದೆಯೇ, ಒಪ್ಪಿಗೆ ಎಷ್ಟು ವಾರಕ್ಕೆ ಸಿಗುತ್ತದೆ? ನಡುವೆ ಬಿಟ್ಟು ಹೋದವರು ಇದ್ದಾರೆಯೇ, ಅವರ ಜೊತೆ ಮಾತಾಡಬಹುದೇ? ಕೊನೆಯ ಪ್ರಶ್ನೆಗೆ ಬರುವ ಮೌನವೂ ಉತ್ತರವೇ.

ಪೇಪರ್ ಒಪ್ಪಿಗೆಯಾದರೆ ಹೋಗುವ ಖರ್ಚು ಯಾರದು ಎಂದೂ ಕೇಳಿಟ್ಟುಕೊಳ್ಳಿ. ಸಿಎಚ್‌ಐ 2025ರಲ್ಲಿ ಯೋಕೊಹಾಮಾದಲ್ಲಿ ನಡೆಯಿತು, ಅದರ ಹಿಂದಿನ ವರ್ಷ ಹೊನಲುಲುವಿನಲ್ಲಿ. ಸ್ಟೈಪೆಂಡಿನಲ್ಲಿ ಉಳಿಸಿ ಹೋಗುವ ಊರುಗಳಲ್ಲ. ಕಂಪ್ಯೂಟರ್ ತಜ್ಞರ ಸಂಘ ಎಸಿಎಂನ ಎಚ್‌ಸಿಐ ಬಳಗ ಸಿಗ್‌ಸಿಎಚ್‌ಐ ಕೊಡುವ ಗ್ಯಾರಿ ಮಾರ್ಸ್‌ಡೆನ್ ಟ್ರಾವೆಲ್ ಅವಾರ್ಡ್, ಎಸಿಎಂ ಇಂಡಿಯಾ ಕೊಡುವ ಟ್ರಾವೆಲ್ ಗ್ರಾಂಟ್ ಇವು ವಿದ್ಯಾರ್ಥಿಗಳಿಗೂ ಸಿಗುತ್ತವೆ.

ನಾನಾದರೆ ಯಾರಿಗೆ ಏನು ಹೇಳುತ್ತೇನೆ

ಗಣಿತ ಇಷ್ಟ, ಕೋಡ್ ಇಷ್ಟ, ಜನರ ಜೊತೆ ಮಾತಾಡುವುದು ಅಷ್ಟಕ್ಕಷ್ಟೇ ಎನ್ನುವವರು ಎಂ.ಎಸ್. ಬೈ ರಿಸರ್ಚ್‌ಗೆ ಹೋಗಿ. ಕೈಯಲ್ಲಿ ಏನಾದರೂ ಮಾಡದಿದ್ದರೆ ನಿದ್ದೆ ಬರಲ್ಲ, ಸಂಶೋಧನೆಯ ಹಂಬಲ ಇನ್ನೂ ಸ್ಪಷ್ಟವಿಲ್ಲ ಎನ್ನುವವರಿಗೆ ಎಂ.ಡೆಸ್. ಊರೂರು ತಿರುಗಿ ಜನರನ್ನು ಮಾತಾಡಿಸುವುದೇ ಖುಷಿ ಎನ್ನುವವರು ಮೊದಲು ಲ್ಯಾಬ್ ಕೆಲಸ ಹಿಡಿದು, ಆಮೇಲೆ ಪಿಎಚ್.ಡಿ. ಇವರಿಗೆ ಕನ್ನಡ ಬರುವುದೇ ದೊಡ್ಡ ಬಂಡವಾಳ. ರಾಯಚೂರಿನ ಹಳ್ಳಿಯಲ್ಲಿ ದುಭಾಷಿ ಇಲ್ಲದೆ ಕೂತು ಮಾತಾಡಬಲ್ಲ ಸಂಶೋಧಕರು ಕೆಲವೇ ಜನ. ಅರ್ಜಿಯಲ್ಲಿ ಅದನ್ನು ಸಂಕೋಚವಿಲ್ಲದೆ ಬರೆಯಿರಿ. ಮನೆಯಲ್ಲಿ ಸಾಲ ಇದೆ, ಈಗಲೇ ದುಡಿಯಬೇಕು ಎನ್ನುವವರು ಒಂದು ಪ್ರಾಡಕ್ಟ್ ಕಂಪನಿಯಲ್ಲಿ ಯುಎಕ್ಸ್, ಅಂದರೆ ಬಳಕೆದಾರರ ಅನುಭವ ರೂಪಿಸುವ ತಂಡದ ಪಕ್ಕ ಕೂರುವ ಕೆಲಸ ಹುಡುಕಿ. ಗೇಟ್ ಸ್ಕೋರ್ ಮೂರು ವರ್ಷ ಓಡುತ್ತದೆ, ಅವಸರ ಬೇಡ. ಸೀಡ್ ಸ್ಕೋರ್ ಒಂದೇ ವರ್ಷ.

ಇನ್ನು ಕ್ಯಾಲೆಂಡರ್. ಗೇಟ್ ಅರ್ಜಿ ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ, ಪರೀಕ್ಷೆ ಫೆಬ್ರವರಿ. ಸೀಡ್ ಅರ್ಜಿ ಅಕ್ಟೋಬರ್ ಹೊತ್ತಿಗೆ, ಪರೀಕ್ಷೆ ಜನವರಿ. ಅಮೆರಿಕದ ಪಿಎಚ್.ಡಿ. ಅರ್ಜಿಗಳು ಬಹುಪಾಲು ಡಿಸೆಂಬರಿನಲ್ಲಿ ಮುಚ್ಚುತ್ತವೆ. ಯುರೋಪಿನ ಹುದ್ದೆಗಳು ವರ್ಷವಿಡೀ ಬರುತ್ತಿರುತ್ತವೆ. ಅಮೆರಿಕಕ್ಕೆ ಮೂರು ಶಿಫಾರಸು ಪತ್ರ ಬೇಕು. ಅಧ್ಯಾಪಕರನ್ನು ಸೆಪ್ಟೆಂಬರಿನಲ್ಲೇ ಕೇಳಿ. ನವೆಂಬರ್ ಬಂತೆಂದರೆ ಅವರು ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ, ಆಗ "ನೀವೇ ಬರ್ಕೊಂಡ್ ಬನ್ನಿ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಹಾಗೆ ಬರೆದ ಪತ್ರ ಓದುವವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.